ಟೈರ್ ಎಷ್ಟು ಕಿಲೋಮೀಟರ್ ಬಾಳುತ್ತದೆ ಎಂದು ಮೊದಲು ಕೇಳಬೇಡಿ

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿದೆ. 2019ರಲ್ಲಿ ಕೊಂಡ ಮಾರುತಿ ಸ್ವಿಫ್ಟ್ ವಿಎಕ್ಸ್‌ಐ ಪೆಟ್ರೋಲ್ ಕಾರು ಇದೆ. 46 ಸಾವಿರ ಕಿಲೋಮೀಟರ್ ಓಡಿದೆ. ಕಾರಿನೊಂದಿಗೆ ಬಂದ ಟೈರ್‌ಗಳೇ ಈಗಲೂ ಇವೆ, ಅಳತೆ 165/80 ಆರ್14. ಪೇಟೆ, ಶಿವಮೊಗ್ಗ ಎಂದು ಓಡಾಟ. ತಿಂಗಳಿಗೊಮ್ಮೆ ತಾಯಿಯವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ವರ್ಷಕ್ಕೆ ಒಂದೆರಡು ಸಲ ಬೆಂಗಳೂರು. ಕಳೆದ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳು ಜಾರಿದಂತಾಯಿತು. ಟೈರ್ ಅಂಗಡಿಯವರು ‘ಹಿಂದಿನವು ಇನ್ನೂ ಚೆನ್ನಾಗಿವೆ, ಮುಂದಕ್ಕೆ ಎರಡು ಹೊಸದು ಹಾಕಿದರೆ ಸಾಕು, ಲಕ್ಷ ಕಿಲೋಮೀಟರ್ ಬರುವ ಟೈರ್ ಕೊಡುತ್ತೇನೆ’ ಎನ್ನುತ್ತಾರೆ. ಸ್ನೇಹಿತರೊಬ್ಬರು 185 ಅಗಲದ್ದು ಹಾಕಿಸಿ ಎಂದರು. ಮಗನಿಗೆ 15 ಇಂಚಿನ ಅಲಾಯ್ ಚಕ್ರ ಬೇಕಂತೆ. ಯಾರ ಮಾತು ಕೇಳಲಿ?

ಉತ್ತರ: ಮೂವರಲ್ಲಿ ಯಾರ ಮಾತನ್ನೂ ಪೂರ್ತಿ ಕೇಳಬೇಡಿ. ನಾಲ್ಕೂ ಟೈರ್ ಬದಲಾಯಿಸಿ. ಅಳತೆ ಈಗಿರುವುದೇ ಇರಲಿ. ಲಕ್ಷ ಕಿಲೋಮೀಟರ್‌ನ ಆಸೆ ಬಿಟ್ಟು, ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುವ ಟೈರ್ ಆರಿಸಿ. ಕಾರಣಗಳನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ನಿಂತಾಗ ವಾದ ಮಾಡಬೇಕಾದವರು ನೀವು.

ಮೊದಲು ಲಕ್ಷ ಕಿಲೋಮೀಟರ್‌ನ ವಿಷಯ. ನಿಮ್ಮ ಕಾರು ವರ್ಷಕ್ಕೆ ಸುಮಾರು ಏಳು ಸಾವಿರ ಕಿಲೋಮೀಟರ್ ಓಡುತ್ತಿದೆ. ಆ ಲೆಕ್ಕದಲ್ಲಿ ಲಕ್ಷ ತಲುಪಲು ಹದಿನಾಲ್ಕು ವರ್ಷ ಬೇಕು. ರಬ್ಬರ್ ಅಷ್ಟು ಕಾಲ ರಬ್ಬರಾಗಿ ಉಳಿಯುವುದಿಲ್ಲ. ಬಿಸಿಲು, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ಅದನ್ನು ನಿಧಾನವಾಗಿ ಗಟ್ಟಿ ಮಾಡುತ್ತವೆ. ಓಡಿದರೂ ಅಷ್ಟೆ, ಶೆಡ್ಡಿನಲ್ಲಿ ನಿಂತರೂ ಅಷ್ಟೆ. ಟೈರ್ ಕಂಪನಿಗಳೇ ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಬಟನ್, ಅಂದರೆ ರಸ್ತೆಗೆ ತಾಗುವ ಮೇಲ್ಮೈಯ ಉಬ್ಬುಗಳು, ಎಷ್ಟೇ ಉಳಿದಿದ್ದರೂ ತೆಗೆದುಹಾಕಿ ಎನ್ನುತ್ತವೆ. ಮಲೆನಾಡಿನ ಕುಟುಂಬದ ಕಾರಿಗೆ ನಾನು ಹತ್ತರವರೆಗೆ ಕಾಯುವುದಿಲ್ಲ. ಆರು ಮುಗಿದು ಏಳು ನಡೆಯುವಾಗಲೇ ಬದಲಾಯಿಸಿ ಎಂದು ಹೇಳುವವನು. ಅಂದರೆ ನೀವು ಕೊಳ್ಳುವ ಯಾವ ಟೈರ್ ಆದರೂ ಐವತ್ತು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ವಯಸ್ಸಾಗಿ ಹೋಗುತ್ತದೆ. ಉಳಿದ ಐವತ್ತು ಸಾವಿರಕ್ಕೆ ನೀವು ಕೊಟ್ಟ ಬೆಲೆ ವ್ಯರ್ಥ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣಕ್ಕೆ ದಿನವಿಡೀ ಓಡುವ ಟ್ಯಾಕ್ಸಿಗೆ ಅದೇ ಟೈರ್ ಒಳ್ಳೆಯ ವ್ಯಾಪಾರ. ಎರಡೇ ವರ್ಷದಲ್ಲಿ ಕಾಸು ಹುಟ್ಟುತ್ತದೆ. ನಿಮಗಲ್ಲ.

ವ್ಯರ್ಥವಾಗುವುದು ಹಣ ಮಾತ್ರ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಟೈರಿನ ಮೇಲ್ಪದರದ ರಬ್ಬರ್ ಒಂದು ಮಿಶ್ರಣ: ನೈಸರ್ಗಿಕ ರಬ್ಬರ್, ಕೃತಕ ರಬ್ಬರ್, ಇಂಗಾಲದ ಕಪ್ಪು ಪುಡಿ, ಸಿಲಿಕಾ, ಗಂಧಕ, ಎಣ್ಣೆ. ಈ ಮಿಶ್ರಣದಿಂದ ತಯಾರಕರು ಮೂರು ಗುಣಗಳನ್ನು ಬಯಸುತ್ತಾರೆ. ಬೇಗ ಸವೆಯಬಾರದು, ಒದ್ದೆ ರಸ್ತೆಯನ್ನು ಹಿಡಿಯಬೇಕು, ಹಗುರವಾಗಿ ಉರುಳಿ ಪೆಟ್ರೋಲ್ ಉಳಿಸಬೇಕು. ಒಂದನ್ನು ಎಳೆದರೆ ಇನ್ನೊಂದು ಬಿಟ್ಟುಹೋಗುತ್ತದೆ. 1990ರ ದಶಕದ ಆರಂಭದಲ್ಲಿ ಮಿಷೆಲಿನ್ ಕಂಪನಿ ಸಿಲಿಕಾ ಬೆರೆಸಿದ ಟೈರ್ ತಂದ ಮೇಲೆ ಹಿಡಿತ ಮತ್ತು ಇಂಧನ ಉಳಿತಾಯದ ನಡುವಿನ ಜಗಳ ಬಹುಮಟ್ಟಿಗೆ ತಣ್ಣಗಾಯಿತು. ಆದರೆ ಕಡಿಮೆ ಬೆಲೆಯ ಟೈರಿನಲ್ಲಿ ಬಾಳಿಕೆಯೊಂದನ್ನೇ ಮುಂದೆ ಮಾಡಿದಾಗ ಮೊದಲು ತ್ಯಾಗವಾಗುವುದು ಒದ್ದೆ ರಸ್ತೆಯ ಹಿಡಿತವೇ. ಒಣ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಅಂಗಡಿಯ ಎದುರಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ‘ಚೆನ್ನಾಗಿದೆ’ ಎಂದು ಹೇಳುವವರೆಲ್ಲ ಒಣ ರಸ್ತೆಯ ಮಾತನ್ನೇ ಹೇಳುತ್ತಿರುತ್ತಾರೆ.

ಈಗ ನಿಮ್ಮ ಕಾರು ಜಾರಿದ ವಿಷಯಕ್ಕೆ ಬರೋಣ. ನಿಮ್ಮ ಮಣಿಪಾಲದ ದಾರಿಯಲ್ಲಿ, ಅಂದರೆ ರಾಷ್ಟ್ರೀಯ ಹೆದ್ದಾರಿ 169ಎ ಉದ್ದಕ್ಕೂ, ಟೈರಿಗೆ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಆಗುಂಬೆಯ ಹದಿನಾಲ್ಕು ತಿರುವುಗಳು. ಅಲ್ಲಿ ನಿಮ್ಮ ವೇಗ ಇಪ್ಪತ್ತೋ ಇಪ್ಪತ್ತೈದೋ. ಆ ವೇಗದಲ್ಲಿ ಟೈರ್ ನೀರಿನ ಮೇಲೆ ತೇಲುವ ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಿ ಮರದ ನೆರಳಿನ ರಸ್ತೆಯ ಅಂಚಿನಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ, ಮೇಲೆ ಕೊಳೆತ ಎಲೆ, ಗುಡ್ಡದಿಂದ ಇಳಿದ ಕೆಮ್ಮಣ್ಣು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಅಲ್ಲಿ ಉಳಿಸುವುದು ರಬ್ಬರಿನ ಮೃದುತ್ವ. ಡಾಂಬರಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏರುತಗ್ಗುಗಳಿವೆ. ಮೆತ್ತಗಿನ ರಬ್ಬರ್ ಅವುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಆರೇಳು ವರ್ಷದ ಗಟ್ಟಿ ರಬ್ಬರ್ ಇಳಿಯುವುದಿಲ್ಲ, ಮೇಲೆಯೇ ಜಾರುತ್ತದೆ. ಬಟನ್ ಇದ್ದೂ ಕಾರು ಜಾರುವುದು ಹೀಗೆ. ನಿಮ್ಮ ಮುಂದಿನ ಚಕ್ರಗಳು ಜಾರಿದ್ದಕ್ಕೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಒಂದು ಮಾತು ಮಾತ್ರ ನೆನಪಿರಲಿ: ದಪ್ಪಗೆ ಕಟ್ಟಿದ ಪಾಚಿಯ ಮೇಲೆ ಜಗತ್ತಿನ ಯಾವ ಟೈರೂ ನಿಲ್ಲುವುದಿಲ್ಲ. ಅದಕ್ಕೆ ಔಷಧ ಎರಡನೇ ಗೇರ್ ಮತ್ತು ತಾಳ್ಮೆ.

ಎರಡನೆಯ ಪರೀಕ್ಷೆ ಘಾಟಿ ಇಳಿದು ಹೆಬ್ರಿ ದಾಟಿದ ಮೇಲೆ. ರಸ್ತೆ ನೇರವಾಗುತ್ತದೆ, ಕಾಲು ತಾನಾಗಿ ಒತ್ತುತ್ತದೆ, ಮಳೆ ಮಾತ್ರ ಅದೇ ಮಳೆ. ಎಪ್ಪತ್ತು, ಎಂಬತ್ತರ ವೇಗದಲ್ಲಿ ನಿಂತ ನೀರಿನೊಳಗೆ ನುಗ್ಗಿದಾಗ ಟೈರಿನ ಮುಂದೆ ನೀರು ಒತ್ತರಿಸುತ್ತದೆ. ಬಟನ್‌ಗಳ ನಡುವಿನ ಕಾಲುವೆಗಳು ಆ ನೀರನ್ನು ಹಿಂದಕ್ಕೂ ಬದಿಗೂ ಹೊರಹಾಕಬೇಕು. ಹಾಕಲಾಗದಿದ್ದರೆ ನೀರು ಟೈರಿನ ಅಡಿಗೆ ನುಗ್ಗಿ ಅದನ್ನು ಎತ್ತುತ್ತದೆ. ಸ್ಟೇರಿಂಗ್ ಹಠಾತ್ತಾಗಿ ಹಗುರವಾಗುತ್ತದೆ. ಅಷ್ಟು ಹೊತ್ತು ಕಾರು ರಸ್ತೆಯ ಸಂಪರ್ಕದಲ್ಲಿ ಇರುವುದಿಲ್ಲ. ಇಲ್ಲಿ ಉಳಿಸುವುದು ಕಾಲುವೆಯ ಆಳ ಮತ್ತು ಗಾಳಿಯ ಒತ್ತಡ. ಒತ್ತಡದ ಪಾತ್ರವನ್ನು ಬಹಳ ಜನ ನಂಬುವುದಿಲ್ಲ. 1960ರ ದಶಕದಲ್ಲಿ ಅಮೆರಿಕದ ನಾಸಾ ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕಂಡುಹಿಡಿಯಿತು: ಟೈರ್ ತೇಲಲು ಆರಂಭಿಸುವ ವೇಗ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಕಾರಿಗೆ ಅದನ್ನು ಅಕ್ಷರಶಃ ಹಚ್ಚುವಂತಿಲ್ಲ, ಆದರೂ ದಿಕ್ಕು ತಿಳಿಯಲು ಸಾಕು. 33 ಪಿಎಸ್‌ಐ ಗಾಳಿಯಿದ್ದರೆ ಆ ವೇಗ ಗಂಟೆಗೆ ಸುಮಾರು 95 ಕಿಲೋಮೀಟರ್. ತಿಂಗಳುಗಟ್ಟಲೆ ನೋಡದೆ ಗಾಳಿ 22ಕ್ಕೆ ಇಳಿದಿದ್ದರೆ ಸುಮಾರು 78. ಬಟನ್ ಸವೆದಿದ್ದರೆ ಇನ್ನೂ ಕಡಿಮೆ ವೇಗಕ್ಕೇ ತೇಲಬಹುದು.

ಆದ್ದರಿಂದ ನಿಮಗೆ ಬೇಕಾದ ಟೈರ್ ಈ ಎರಡರಲ್ಲೂ ತೇರ್ಗಡೆಯಾಗಬೇಕು. ಬಾಳಿಕೆಯ ಪ್ರಶ್ನೆ ಅದರ ನಂತರ.

ಹಳೆಯ ಟೈರ್ ಬಿಚ್ಚಿಸುವ ಮೊದಲು ಅವುಗಳನ್ನು ಒಮ್ಮೆ ಓದಿ. ಬೆಳಗಿನ ಬೆಳಕಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರ ಹೊರಗೆ ಬರುವಂತೆ ನಿಲ್ಲಿಸಿ, ಮೊಣಕಾಲೂರಿ ಕುಳಿತುಕೊಳ್ಳಿ. ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ; ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಭುಜದ ಬಳಿ ಟಿಡಬ್ಲ್ಯುಐ ಎಂಬ ಅಕ್ಷರಗಳೋ ಒಂದು ಪುಟ್ಟ ತ್ರಿಕೋನವೋ ಇರುತ್ತದೆ. ಆ ದಿಣ್ಣೆಯ ಎತ್ತರ 1.6 ಮಿಲಿಮೀಟರ್. ಬಟನ್ ಅದರ ಮಟ್ಟಕ್ಕೆ ಇಳಿದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಟೈರ್ ರಸ್ತೆಗೆ ಅನರ್ಹ. ಹೊಸ ಟೈರಿನಲ್ಲಿ ಈ ಆಳ ಏಳೆಂಟು ಮಿಲಿಮೀಟರ್ ಇರುತ್ತದೆ. ಕಾನೂನು 1.6ರವರೆಗೆ ಬಿಡುತ್ತದೆ ನಿಜ, ಆದರೆ ಆ ಅಂಕಿ ಆಗುಂಬೆಯ ಮಳೆ ನೋಡಿ ಬರೆದದ್ದಲ್ಲ. ಮಲೆನಾಡು ಕರಾವಳಿಗಳಲ್ಲಿ ಮೂರು ಮಿಲಿಮೀಟರ್ ಆದೊಡನೆ, ಅದೂ ಮೇ ತಿಂಗಳೊಳಗೆ, ಬದಲಾಯಿಸುವುದು ಸರಿ. ಆಳ ಅಳೆಯುವ ಸಣ್ಣ ಗೇಜು ಅಗ್ಗಕ್ಕೆ ಸಿಗುತ್ತದೆ. ಒಂದು ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.

ಆಮೇಲೆ ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ತಡೆದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ಕೆಟ್ಟಿದೆ. ಒಳ ಅಂಚು ಮಾತ್ರ ಸವೆದಿದ್ದರೂ ಅದೇ ಗುಮಾನಿ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಸದಾ ಕಡಿಮೆ ಇತ್ತು. ನಡುವೆ ಸವೆದಿದ್ದರೆ ಹೆಚ್ಚು. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು. ಇದನ್ನೆಲ್ಲ ಈಗಲೇ ನೋಡಿ ಎನ್ನುವುದೇಕೆಂದರೆ, ಹಳೆಯ ಟೈರನ್ನು ತಿಂದ ದೋಷ ಹೊಸದನ್ನೂ ತಿನ್ನುತ್ತದೆ. ಅಂಗಡಿಯವರು ಹಳೆಯದನ್ನು ಬಿಚ್ಚಿ ರಾಶಿಗೆ ಎಸೆದ ಮೇಲೆ ಆ ಸಾಕ್ಷ್ಯ ನಿಮಗೆ ಸಿಗುವುದಿಲ್ಲ. ಬದಿಯ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳಿವೆಯೇ, ಎಲ್ಲಾದರೂ ನೆಲ್ಲಿಕಾಯಿ ಗಾತ್ರಕ್ಕೆ ಉಬ್ಬಿದೆಯೇ ಎಂದೂ ನೋಡಿ. ಉಬ್ಬಿದ್ದರೆ ಒಳಗಿನ ದಾರಗಳು ಹರಿದಿವೆ ಎಂದರ್ಥ. ಆ ಟೈರಿನಲ್ಲಿ ಬೆಂಗಳೂರಿನವರೆಗೆ ಹೋಗುವ ಮಾತು ಬೇಡ.

ನಿಮ್ಮ ಹಿಂದಿನ ಟೈರ್‌ಗಳು ‘ಚೆನ್ನಾಗಿವೆ’ ಎಂದು ಅಂಗಡಿಯವರು ಹೇಳಿದ್ದು ಬಟನ್ ನೋಡಿ. ಸ್ವಿಫ್ಟ್‌ನಲ್ಲಿ ಎಂಜಿನ್ ಎಳೆಯುವುದೂ ಮುಂದಿನ ಚಕ್ರವನ್ನೇ, ಸ್ಟೇರಿಂಗ್ ತಿರುಗಿಸುವುದೂ ಅದನ್ನೇ, ಬ್ರೇಕಿನ ಹೆಚ್ಚಿನ ಪಾಲು ಹೊರುವುದೂ ಅದೇ. ಹಾಗಾಗಿ ಹಿಂದಿನವು ಕಡಿಮೆ ಸವೆದಿರುವುದು ಸಹಜ. ಆದರೆ ವಯಸ್ಸು ನಾಲ್ಕಕ್ಕೂ ಒಂದೇ. ಮುಂದೆ ಹೊಸ ಮೆತ್ತನೆಯ ರಬ್ಬರ್, ಹಿಂದೆ ಗಟ್ಟಿಯಾದ ಹಳೆಯ ರಬ್ಬರ್ ಇಟ್ಟರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಕತೆಯೇ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಊರುಗಳ ಟೈರ್ ಅಂಗಡಿಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಎರಡೇ ಟೈರ್ ಕೊಳ್ಳುವ ಪರಿಸ್ಥಿತಿ ಬಂದರೆ ಹೊಸದನ್ನು ಹಾಕಬೇಕಾದದ್ದು ಹಿಂದಕ್ಕೆ. ಹೌದು, ಮುಂದಿನ ಚಕ್ರ ಎಳೆಯುವ ಕಾರಾದರೂ ಹಿಂದಕ್ಕೇ. ಕೇಳಿದವರೆಲ್ಲ ಹುಬ್ಬೇರಿಸುತ್ತಾರೆ. ಮಳೆಯ ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ನಿಮಗೆ ಸ್ಟೇರಿಂಗ್‌ನಲ್ಲೇ ಅದರ ಸುಳಿವು ಸಿಗುತ್ತದೆ. ಕಾಲು ತೆಗೆದರೆ ವೇಗ ಇಳಿದು ಹಿಡಿತ ಮರಳುತ್ತದೆ. ಸಾಮಾನ್ಯ ಚಾಲಕನೂ ಸಹಜವಾಗಿ ಮಾಡುವ ಕೆಲಸ ಅದು. ಹಿಂದಿನ ಟೈರ್ ಜಾರಿದರೆ ಹಾಗಲ್ಲ. ಕಾರಿನ ಹಿಂಭಾಗ ಹೊರಕ್ಕೆ ಬೀಸುತ್ತದೆ, ಗಾಬರಿಯಲ್ಲಿ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಇನ್ನಷ್ಟು ಬೀಸುತ್ತದೆ, ಕಾರು ಗಿರ್ರನೆ ತಿರುಗಿ ನಿಲ್ಲುವುದು ಎದುರಿನ ಸಾಲಿನಲ್ಲಿ. ಅದನ್ನು ತಡೆಯುವ ಇಎಸ್‌ಪಿ ವ್ಯವಸ್ಥೆ ನಿಮ್ಮ 2019ರ ವಿಎಕ್ಸ್‌ಐಯಲ್ಲಿ ಇಲ್ಲ. ಎಬಿಎಸ್ ಇದೆ, ಅದು ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಮಿಷೆಲಿನ್, ಬ್ರಿಡ್ಜ್‌ಸ್ಟೋನ್ ಮುಂತಾದ ಕಂಪನಿಗಳ ಸಲಹೆಯೂ ಹಿಂದಕ್ಕೇ ಹಾಕಿ ಎಂಬುದು. ‘ನಾವು ಎಲ್ಲರಿಗೂ ಮುಂದಕ್ಕೇ ಹಾಕುವುದು’ ಎಂಬ ಅಂಗಡಿಯವರ ಉತ್ತರ ಉತ್ತರವಲ್ಲ. ನಿಮ್ಮ ಪ್ರಕರಣದಲ್ಲಿ ನಾಲ್ಕನ್ನೂ ಬದಲಾಯಿಸುವುದರಿಂದ ಈ ಜಗಳವೇ ತಪ್ಪುತ್ತದೆ.

ಇನ್ನು ಅಳತೆ. 165/80 ಆರ್14 85ಟಿ ಎಂದರೆ ಅಗಲ 165 ಮಿಲಿಮೀಟರ್, ಬದಿಯ ಗೋಡೆಯ ಎತ್ತರ ಆ ಅಗಲದ ಶೇ 80, ಅಂದರೆ 132 ಮಿಲಿಮೀಟರ್. ಆರ್ ಎಂದರೆ ರೇಡಿಯಲ್, 14 ಇಂಚಿನ ರಿಮ್. 85 ಎಂಬುದು ಒಂದು ಟೈರ್ 515 ಕಿಲೋ ಹೊರಬಲ್ಲದು ಎಂಬ ಸಂಕೇತ; ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ಮಿತಿ. ಈ ಕೊನೆಯ ಎರಡು ನಿಮ್ಮ ಈಗಿನ ಟೈರಿನಲ್ಲಿರುವುದಕ್ಕಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ಅಡ್ಡಿಯಿಲ್ಲ.

ನಿಮ್ಮ ಸ್ನೇಹಿತರು ಹೇಳಿದ್ದು ಬಹುಶಃ 185/70 ಆರ್14. ಅದು ನಿಮ್ಮ ರಿಮ್ಮಿಗೆ ಕೂರುತ್ತದೆ, ವ್ಯಾಸದಲ್ಲಿ ಐದು ಮಿಲಿಮೀಟರ್ ಮಾತ್ರ ಕಡಿಮೆ, ಹಾಗಾಗಿ ಸ್ಪೀಡೋಮೀಟರಿಗೂ ತೊಂದರೆಯಿಲ್ಲ. ಸ್ವಿಫ್ಟ್ ಇಟ್ಟುಕೊಂಡ ಬಹಳ ಜನ ಹಾಕಿಸಿಕೊಂಡಿದ್ದಾರೆ. ಒಣ ಹೆದ್ದಾರಿಯಲ್ಲಿ ಕಾರು ಇನ್ನಷ್ಟು ಗಟ್ಟಿಯಾಗಿ ನಿಂತಂತೆ ಅನ್ನಿಸುತ್ತದೆ. ನಿಮಗೆ ಬೇಡ ಎನ್ನುತ್ತೇನೆ. ಅಗಲ ಹೆಚ್ಚಿದಷ್ಟೂ ಹೊರಹಾಕಬೇಕಾದ ನೀರೂ ಹೆಚ್ಚು. ಅದೇ ಬಟನ್, ಅದೇ ಆಳವಿದ್ದರೆ ಅಗಲದ ಟೈರ್ ಬೇಗ ತೇಲುತ್ತದೆ. ಪೆಟ್ರೋಲ್ ಕೂಡ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಅಂಗಡಿಯಲ್ಲಿ ದಾಸ್ತಾನು ಇದೆ ಎಂಬ ಕಾರಣಕ್ಕೆ 175/70 ಆರ್14 ತೋರಿಸಿದರೆ ಒಪ್ಪಿಕೊಳ್ಳಲೇಬೇಡಿ; ಅದರ ವ್ಯಾಸ 19 ಮಿಲಿಮೀಟರ್ ಕಡಿಮೆ, ಕಾರು ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹಳ್ಳಿ ರಸ್ತೆಯಲ್ಲಿ ಆ ಒಂದು ಸೆಂಟಿಮೀಟರಿನ ಬೆಲೆ ನಿಮಗೇ ಗೊತ್ತು.

ಮಗನ 15 ಇಂಚಿನ ಬೇಡಿಕೆ ಅನ್ಯಾಯದ್ದೇನಲ್ಲ. ಇದೇ ಕಾರಿನ ಮೇಲಿನ ಮಾದರಿಗೆ ಮಾರುತಿಯೇ 185/65 ಆರ್15 ಕೊಟ್ಟಿದೆ. ವ್ಯಾಸ ಹೆಚ್ಚುಕಡಿಮೆ ಅಷ್ಟೇ. ಆದರೆ ಬದಿಯ ಗೋಡೆ 132ರಿಂದ 120 ಮಿಲಿಮೀಟರಿಗೆ ಇಳಿಯುತ್ತದೆ. ಮಳೆನೀರು ತುಂಬಿ ಮುಚ್ಚಿಕೊಂಡ ಹೊಂಡಕ್ಕೆ ಚಕ್ರ ಧಡ್ಡನೆ ಇಳಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಇರುವುದು ಆ ಗೋಡೆ ಒಂದೇ. ಕಬ್ಬಿಣದ ರಿಮ್ ಬಾಗಿದರೆ ಬಡಿದು ಸರಿಮಾಡಬಹುದು; ಅಗ್ಗದ ಅಲಾಯ್ ಸೀಳಿದರೆ ಅದೇ ಅಂತ್ಯ. ನಾಲ್ಕು ಅಲಾಯ್ ಚಕ್ರಕ್ಕೆ ಕೊಡುವ ಹಣದಲ್ಲಿ ನಾಲ್ಕು ಉತ್ತಮ ಟೈರ್ ಬಂದು ಅಲೈನ್‌ಮೆಂಟಿಗೂ ಉಳಿಯುತ್ತದೆ ಎಂದು ಮಗನಿಗೆ ಹೇಳಿ. ಕೇಳುತ್ತಾನೆ ಎಂಬ ಭರವಸೆ ನಾನು ಕೊಡಲಾರೆ.

ಹೆಸರು ಹೇಳಿ ಎಂದು ನೀವು ಕೇಳಿಯೇ ಕೇಳುತ್ತೀರಿ. ನಿಮ್ಮ ಅಳತೆಯಲ್ಲಿ, ನಿಮ್ಮ ಬಳಕೆಗೆ ನಾನು ಮೊದಲು ನೋಡುವುದು ಮಿಷೆಲಿನ್ ಎಕ್ಸ್‌ಎಂ2 ಪ್ಲಸ್. ಒದ್ದೆ ರಸ್ತೆಯ ಹಿಡಿತ ಅರ್ಧ ಸವೆದ ಮೇಲೂ ಉಳಿಯಬೇಕು ಎಂಬ ಉದ್ದೇಶವನ್ನೇ ಮುಂದಿಟ್ಟು ಮಾಡಿದ ಟೈರ್ ಅದು. ಬೆಲೆ ಉಳಿದವುಗಳಿಗಿಂತ ಸ್ವಲ್ಪ ಹೆಚ್ಚು. ಯೊಕೊಹಾಮಾ ಅರ್ಥ್-1 ಸದ್ದು ಕಡಿಮೆ, ಸವಾರಿ ಮೆತ್ತಗೆ. ಎಂಆರ್‌ಎಫ್‌ನ ಜೆಡ್‌ವಿಟಿವಿ ಹಳೆಯ ಪರಿಚಯದ ಸಾಧಾರಣ ಟೈರ್, ತೀರ್ಥಹಳ್ಳಿಯಲ್ಲೂ ಸಿಗುತ್ತದೆ, ಹಾಳಾದರೆ ಜೋಡಿ ಹುಡುಕುವುದು ಸುಲಭ. ಅಪೊಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3, ಬ್ರಿಡ್ಜ್‌ಸ್ಟೋನ್ ಸ್ಟರ್ಡೊ ಇವೆಲ್ಲ ಬಾಳಿಕೆಯ ಬಲದ ಮೇಲೆ ಮಾರಾಟವಾಗುವವು. ಕೆಟ್ಟ ಟೈರ್‌ಗಳು ಎಂದು ಯಾರೂ ಹೇಳುವುದಿಲ್ಲ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡಿಸುವವರು ಕೇಳಿದ್ದರೆ ಇವನ್ನೇ ಮೊದಲು ಹೆಸರಿಸುತ್ತಿದ್ದೆ. ಮೈಸೂರಿನ ಹಿರಿಯರು ಕೆಲವರು ವಿಕ್ರಾಂತ್ ಕಾರ್ಖಾನೆಯ ಅಭಿಮಾನದಿಂದ ಜೆ.ಕೆ. ಟೈರನ್ನೇ ಕೇಳುತ್ತಾರೆ; 1997ರಲ್ಲಿ ಜೆ.ಕೆ. ವಿಕ್ರಾಂತನ್ನು ಕೊಂಡಿತು. ಅಭಿಮಾನಕ್ಕೆ ನನ್ನ ತಕರಾರಿಲ್ಲ, ಅದೇ ಕಂಪನಿಯ ಟ್ಯಾಕ್ಸಿ ಮಾದರಿಯ ಬದಲು ಕುಟುಂಬದ ಕಾರಿಗೆಂದು ಮಾಡಿದ ಮಾದರಿಯನ್ನು ಕೇಳಿ ಪಡೆಯಿರಿ.

ಒದ್ದೆ ರಸ್ತೆಯ ಹಿಡಿತವನ್ನು ಅಂಗಡಿಯಲ್ಲಿ ಅಳೆಯುವುದು ಹೇಗೆ? ಯುರೋಪಿನಲ್ಲಿ ಪ್ರತಿ ಟೈರಿಗೂ ಅದರ ದರ್ಜೆ ತೋರಿಸುವ ಚೀಟಿ ಇರುತ್ತದೆ. ನಮ್ಮಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಎಐಎಸ್–142 ಎಂಬ ಮಾನದಂಡ ತಂದು ಒದ್ದೆ ಹಿಡಿತ, ಉರುಳುವ ಪ್ರತಿರೋಧ, ಸದ್ದು ಮೂರಕ್ಕೂ ಕನಿಷ್ಠ ಮಟ್ಟ ಗೊತ್ತುಮಾಡಿತು. ಪಾಸಾಗಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಎಷ್ಟು ಅಂಕ ಎಂದಲ್ಲ. ಕೆಲವು ಟೈರ್‌ಗಳ ಮೇಲೆ ಕಾಣುವ ನಕ್ಷತ್ರದ ಚೀಟಿ ಇಂಧನ ಉಳಿತಾಯಕ್ಕೆ ಸಂಬಂಧಿಸಿದ್ದು, ಹಿಡಿತಕ್ಕಲ್ಲ. ಕೆಲವು ಟೈರಿನ ಬದಿಯಲ್ಲಿ ಟ್ರೆಡ್‌ವೇರ್ (ಸವೆತ) ಎಂದು ಬರೆದು 300, 440 ಎಂಬಂತೆ ಸಂಖ್ಯೆ ಇರುತ್ತದೆ, ಅದರ ಪಕ್ಕದಲ್ಲೇ ಟ್ರ್ಯಾಕ್ಷನ್, ಅಂದರೆ ಒದ್ದೆ ರಸ್ತೆಯ ಹಿಡಿತದ, ದರ್ಜೆಯ ಅಕ್ಷರ. ಅಮೆರಿಕದ ಪದ್ಧತಿ ಇದು, ಅಂಕಿ ಕೊಡುವುದು ಕಂಪನಿಯೇ. ಆದ್ದರಿಂದ ಒಂದು ಕಂಪನಿಯ 400ನ್ನು ಇನ್ನೊಂದರ 400ಕ್ಕೆ ಹೋಲಿಸಬೇಡಿ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಹೋಲಿಸಿದರೆ ಯಾವುದು ಗಟ್ಟಿ, ಯಾವುದು ಮೆತ್ತಗೆ ಎಂಬ ಅಂದಾಜು ಸಿಗುತ್ತದೆ. ಟ್ರ್ಯಾಕ್ಷನ್ ದರ್ಜೆ ಇದ್ದರೆ ‘ಎ’ಗಿಂತ ಕೆಳಗಿನದು ನಿಮಗೆ ಬೇಡ. ಐಎಸ್‌ಐ ಮುದ್ರೆ ಕಡ್ಡಾಯ, ಅದಿಲ್ಲದ್ದನ್ನು ಮುಟ್ಟಲೇಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಯಾರೋ ಅಗ್ಗಕ್ಕೆ ‘ಹತ್ತೇ ಸಾವಿರ ಓಡಿದ್ದು’ ಕೊಡಿಸುತ್ತೇನೆಂದರೂ ಬೇಡ. ಕಪ್ಪು ಪಾಲಿಶ್ ಬಳಿದ ಟೈರಿನ ಪೂರ್ವಾಶ್ರಮ ಯಾರಿಗೂ ಗೊತ್ತಿರುವುದಿಲ್ಲ.

ದರ ಅಂದಾಜು ಹೇಳುವುದಾದರೆ ಈ ಅಳತೆಯ ಟೈರ್ ಒಂದಕ್ಕೆ ನಾಲ್ಕರಿಂದ ಆರು ಸಾವಿರ ರೂಪಾಯಿಯೊಳಗೆ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿ ‘ರಿಯಾಯಿತಿ’ ಕೊಟ್ಟರೆ ಆ ಲೆಕ್ಕ ನೆನಪಿರಲಿ. ಬಿಲ್ ಇಲ್ಲದೆ ಕೊಳ್ಳಬೇಡಿ, ವಾರಂಟಿ ನಿಲ್ಲುವುದು ಅದರ ಮೇಲೆಯೇ.

ತಯಾರಿಕೆಯ ದಿನಾಂಕ ನೋಡದೆ ಟೈರನ್ನು ರಿಮ್ಮಿಗೆ ಹಾಕಲು ಬಿಡಬೇಡಿ. ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಉದ್ದುಂಡೆಯ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3225 ಎಂದಿದ್ದರೆ 2025ರ 32ನೇ ವಾರ, ಅಂದರೆ ಆಗಸ್ಟ್. ಈ ಅಂಕಿ ಎಷ್ಟೋ ಟೈರ್‌ಗಳಲ್ಲಿ ಒಂದೇ ಬದಿಗೆ ಇರುತ್ತದೆ, ಕೂರಿಸಿದ ಮೇಲೆ ಒಳಬದಿಗೆ ಹೋಗಿ ಅಡಗುತ್ತದೆ. ನಾಲ್ಕನ್ನೂ ನೆಲದ ಮೇಲೆ ಉರುಳಿಸಿ ತೋರಿಸಲು ಹೇಳಿ. ಆರು ತಿಂಗಳೊಳಗಿನದು ಉತ್ತಮ, ವರ್ಷದೊಳಗಿನದು ಸರಿ. ವರ್ಷಕ್ಕೆ ಏಳು ಸಾವಿರ ಓಡಿಸುವ ನಿಮಗೆ ಅಂಗಡಿಯ ಅಟ್ಟದ ಮೇಲೆ ಎರಡು ವರ್ಷ ಕಳೆದ ಟೈರ್ ಎಂದರೆ ಬಾಳಿಕೆಯ ಮೂರನೇ ಒಂದು ಪಾಲು ಹೋದ ಹಾಗೆ. ಸಣ್ಣ ಊರಿನಲ್ಲಿ ತಾಜಾ ದಾಸ್ತಾನು ಇರದಿದ್ದರೆ ಮುಂಗಡ ಕೊಟ್ಟು ಶಿವಮೊಗ್ಗದಿಂದ ತರಿಸಿಕೊಳ್ಳಿ; ನಾಲ್ಕು ದಿನ ಕಾಯುವುದರಲ್ಲಿ ನಷ್ಟವೇನಿಲ್ಲ.

ಕೂರಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ, ಚಹಾ ಕುಡಿಯಲು ಹೋಗಬೇಡಿ. ಗಾಳಿ ತುಂಬುವ ರಬ್ಬರ್ ವಾಲ್ವ್‌ಗಳನ್ನೂ ಹೊಸದು ಹಾಕಿಸಿ. ಬೆಲೆ ಅತಿ ಕಡಿಮೆ, ಹಳೆಯದನ್ನೇ ಉಳಿಸಿದರೆ ಮುಂದೆ ಗಾಳಿ ಸೋರುವುದು ಅಲ್ಲಿಂದಲೇ. ಟೈರಿನ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಹಗುರವಾದ ಜಾಗ, ವಾಲ್ವಿನ ನೇರಕ್ಕೆ ಬರಬೇಕು. ಚಕ್ರದ ತೂಕ ಸುತ್ತಲೂ ಸಮವಾಗಿದೆಯೇ ಎಂದು ನೋಡುವ ಬ್ಯಾಲೆನ್ಸಿಂಗ್ ಯಂತ್ರ ಅರವತ್ತು, ಎಪ್ಪತ್ತು ಗ್ರಾಂ ಸೀಸ ಬೇಕೆಂದು ತೋರಿಸಿದರೆ ಸುಮ್ಮನೆ ಬಡಿಯಲು ಬಿಡಬೇಡಿ. ಗಾಳಿ ತೆಗೆದು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿದರೆ ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ. ಬದಿಯಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕು. ನಟ್‌ಗಳನ್ನು ಗಾಳಿಯ ಗನ್ನಿನಿಂದ ಪೂರ್ತಿ ಬಿಗಿಸಿದರೆ ರಸ್ತೆಯಲ್ಲಿ ಪಂಕ್ಚರ್ ಆದಾಗ ನಿಮ್ಮ ಕೈಯಲ್ಲಿ ಬಿಚ್ಚಲಾಗದು; ಕೊನೆಯ ಬಿಗಿ ಕೈ ಪಾನೆಯಿಂದಲೇ ಆಗಲಿ. ಅಲೈನ್‌ಮೆಂಟ್ ಅದೇ ದಿನ ಮಾಡಿಸಿ. ಮೊದಲ ಇನ್ನೂರು ಕಿಲೋಮೀಟರ್ ಸಾವಕಾಶ: ಅಚ್ಚಿನಿಂದ ಟೈರ್ ಬಿಡಿಸಲು ಹಚ್ಚಿದ ಜಾರುಪದಾರ್ಥದ ಅಂಶ ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಸವೆಯುವವರೆಗೆ ಹೊಸ ಟೈರೂ ಜಾರುತ್ತದೆ. ಟೈರ್ ಹಾಕಿಸಿದ ಮರುದಿನವೇ ಮಳೆಯಲ್ಲಿ ಘಾಟಿ ಇಳಿಯಬೇಡಿ.

ಗಾಳಿ ಎಷ್ಟು ಎಂಬುದು ಚಾಲಕನ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿದೆ. ಟೈರಿನ ಬದಿಯಲ್ಲಿ ಬರೆದಿರುವ ಅಂಕಿ ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ, ಕಾರು ಓಡುವ ಮೊದಲು ನೋಡಿ; ಉಷ್ಣತೆ ಐದಾರು ಡಿಗ್ರಿ ಏರಿಳಿದರೆ ಒತ್ತಡ ಒಂದು ಪಿಎಸ್‌ಐ ಏರಿಳಿಯುತ್ತದೆ. ನೈಟ್ರೋಜನ್ ತುಂಬಿಸಿ ಎನ್ನುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಉಳಿದ ಪಾಲಿಗಾಗಿ ಹಣ ಕೊಡುವುದು ನಿಮ್ಮಿಷ್ಟ. ಪುಕ್ಕಟೆ ಕೊಟ್ಟರೆ ಹಾಕಿಸಿ, ಸಾಮಾನ್ಯ ಗಾಳಿ ಬೆರೆಸಿದರೆ ಏನೂ ಆಗುವುದಿಲ್ಲ. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಾಯಿಸಿ. ನಿಮಗೆ ಅದು ವರ್ಷಕ್ಕೊಂದು ಸಲ. ಮಳೆಗಾಲಕ್ಕೆ ಮೊದಲು ಮಾಡಿಸಿದರೆ ಗೇಜು ಹಿಡಿದು ನೋಡಲೂ ಅದೇ ನೆಪವಾಗುತ್ತದೆ.

ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಉಳಿದವುಗಳಷ್ಟೇ ವಯಸ್ಸು. ಬಟನ್ ಹೊಳೆಯುತ್ತಿದೆ ಎಂದು ಅದನ್ನು ನಾಲ್ಕರಲ್ಲಿ ಒಂದಾಗಿ ಬಳಸಲು ಅಂಗಡಿಯವರು ಸೂಚಿಸಬಹುದು, ಬೇಡ. ಬಿರುಕಿಲ್ಲದಿದ್ದರೆ ಸ್ಟೆಪ್ನಿಯಾಗಿಯೇ ಇರಲಿ, ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ತಲುಪಿಸುವಷ್ಟು ಕೆಲಸ ಅದರದು. ಅದಕ್ಕೂ ಗಾಳಿ ನೋಡುವುದನ್ನು ಮರೆಯಬೇಡಿ. ಬಿಚ್ಚಿದ ನಾಲ್ಕನ್ನು ತೋಟದ ಕೆಲಸಕ್ಕೆ ಬರುತ್ತವೆ ಎಂದು ಮನೆಗೆ ಒಯ್ಯಬೇಡಿ. ಮಲೆನಾಡಿನ ಮಳೆಯಲ್ಲಿ ಅಂಗಳದ ಮೂಲೆಯ ಹಳೆಯ ಟೈರ್‌ನೊಳಗೆ ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ. ಅಂಗಡಿಯಲ್ಲೇ ಬಿಟ್ಟು, ಹಳೆಯದರ ಬೆಲೆ ಎಂದು ಅವರು ಕೊಡುವ ನೂರೋ ಇನ್ನೂರೋ ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.